ದೊಡ್ಡಪ್ಪನ ಲೈಟ್‌ಹೌಸು, ದೊಡ್ಡಮ್ಮನ ಗೂಡು

ನನ್ನ ಮೇಜಿನ ಮೇಲೆ ಅಂಗೈಯಗಲದ ಒಂದು ಗಾಜಿನ ತುಂಡಿದೆ. ನಡುವೆ ಉಬ್ಬಿಕೊಂಡು, ಒಂದು ಕಡೆ ಅಂಚು ಮುರಿದು, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಬೆಳಗಾದೊಡನೆ ಅದರ ಮೇಲೆ ದಪ್ಪನೆಯ ಬಟ್ಟೆ ಹೊದಿಸುತ್ತೇನೆ, ಹೊತ್ತು ಮುಳುಗಿದ ಮೇಲೆ ತೆಗೆಯುತ್ತೇನೆ. ಮನೆಗೆ ಬಂದವರು "ಏನು ಮೇಡಂ, ಬಟ್ಟೆ ಕೆಳಗೆ ಗಿಳಿ ಸಾಕಿದ್ದೀರಾ?" ಎನ್ನುವುದುಂಟು. ಗಿಳಿಗಾದರೆ ರಾತ್ರಿ ಹೊದಿಸಿ ಹಗಲು ತೆಗೆಯಬೇಕು. ನಮ್ಮ ಮನೆಯಲ್ಲಿ ಎಲ್ಲ ತಿರುಗುಮುರುಗು.

ಹೊದಿಸುವುದನ್ನು ಮರೆತರೆ ಏನಾಗುತ್ತದೆ ಎನ್ನುವುದೂ ನನಗೆ ಗೊತ್ತು. ಒಮ್ಮೆ ಮರೆತು ಶಾಲೆಗೆ ಹೋಗಿದ್ದೆ. ಕಿಟಕಿಯಿಂದ ಬಂದ ಬಿಸಿಲನ್ನು ಈ ಗಾಜು ಒಂದು ಚುಕ್ಕಿಯಾಗಿ ಕೂಡಿಸಿ, ಏಳನೇ ತರಗತಿಯ ಸಮಾಜ ವಿಜ್ಞಾನದ ಉತ್ತರ ಪತ್ರಿಕೆಗಳಲ್ಲಿ ಕಾಸಗಲದ ತೂತು ಕೊರೆದಿತ್ತು. ಸುಟ್ಟ ಜಾಗದಲ್ಲಿ ಯಾರು ಏನು ಬರೆದಿದ್ದರೋ ದೇವರೇ ಬಲ್ಲ. ಅನುಮಾನದ ಲಾಭವನ್ನು ಮಕ್ಕಳಿಗೇ ಕೊಟ್ಟೆ. ಆ ವರ್ಷ ನನ್ನ ಪಾಠ ಬಹಳ ಚೆನ್ನಾಗಿತ್ತೆಂದು ಮುಖ್ಯೋಪಾಧ್ಯಾಯರು ಹೊಗಳಿದರು.

ಇದು ಅರಬ್ಬೀ ಸಮುದ್ರದ ನಡುವಿನ ಒಂದು ಲೈಟ್‌ಹೌಸಿನ ಗಾಜು. ಗುಂಡ್ಲುಪೇಟೆಯ ನನ್ನ ಮೇಜಿಗೆ ಇದು ಬಂದದ್ದು ನಮ್ಮ ದೊಡ್ಡಪ್ಪನಿಂದ. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ ಗುರುಮಲ್ಲಪ್ಪನವರು, ಹರದನಹಳ್ಳಿಯವರು. ಹರದನಹಳ್ಳಿಗೂ ಸಮುದ್ರಕ್ಕೂ ಎಲ್ಲಿಯ ನಂಟು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅವರಿಗಿಂತ ಮುಂಚೆ ನಮ್ಮ ಮನೆತನ ಕಂಡಿದ್ದ ದೊಡ್ಡ ನೀರೆಂದರೆ ಊರ ಕೆರೆ, ಅದೂ ತುಂಬಿದ ವರ್ಷಗಳಲ್ಲಿ ಮಾತ್ರ.

ಹರೆಯದಲ್ಲಿ ದೊಡ್ಡಪ್ಪ ಗುಂಡ್ಲುಪೇಟೆಯಿಂದ ಕುಂಬಳಕಾಯಿ ತುಂಬಿದ ಲಾರಿಯ ಮೇಲೆ ಕೂತು ಘಟ್ಟ ಇಳಿದು ಕಲ್ಲಿಕೋಟೆಗೆ ಹೋದರಂತೆ. ಕಾಯಿ ಇಳಿಸಿ, ಕೈಕಾಲು ತೊಳೆಯಲೆಂದು ಕಡಲ ದಂಡೆಗೆ ಹೋದವರು ಲಾರಿ ಹೊರಡುವ ಹೊತ್ತಿಗೆ ವಾಪಸು ಬರಲಿಲ್ಲ. ಸಂಜೆಗತ್ತಲಲ್ಲಿ ದೂರದ ಕಂಬವೊಂದರಿಂದ ಬೆಳಕು ಬಂದು ಮುಖದ ಮೇಲೆ ಹಾದುಹೋಯಿತು, ನಿಂತೇಬಿಟ್ಟೆ ಎನ್ನುತ್ತಿದ್ದರು. ಮೊದಲು ದೀಪಸ್ತಂಭಗಳಿಗೆ ಸುಣ್ಣ ಹೊಡೆಯುವ ಕೂಲಿ, ಆಮೇಲೆ ಕಾಯಂ ನೌಕರಿ, ಕೊನೆಗೆ ಹಡಗಿನಲ್ಲಿ ದಿನಗಟ್ಟಲೆ ಹೋಗಬೇಕಾದ ಒಂದು ನಡುಗಡ್ಡೆಯಲ್ಲಿ ದೀಪ ನೋಡಿಕೊಳ್ಳುವ ಕೆಲಸ. ಆ ನಡುಗಡ್ಡೆಯ ಹೆಸರು ದೊಡ್ಡಪ್ಪನ ಬಾಯಲ್ಲಿ ಒಂದೊಂದು ಸಲ ಒಂದೊಂದು ಬಗೆಯಾಗಿ ಹೊರಡುತ್ತಿದ್ದುದರಿಂದ, ನಮ್ಮ ಶಾಲೆಯ ಭೂಪಟದಲ್ಲಿ ಅದನ್ನು ಹುಡುಕುವ ಆಸೆಯನ್ನು ನಾನು ಬೇಗ ಬಿಟ್ಟೆ.

ಚಿಕ್ಕಂದಿನಲ್ಲಿ ನಮಗೆ ದೊಡ್ಡಪ್ಪ ಎಂದರೆ ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ಒಂದು ಟ್ರಂಕು. ಮುಚ್ಚಳ ತೆಗೆದರೆ ಉಪ್ಪು, ಸೀಮೆಎಣ್ಣೆ, ಕೊಬ್ಬರಿ ಮೂರೂ ಸೇರಿದ ವಾಸನೆ. ಒಳಗೆ ನಮಗೆ ಕವಡೆ, ಶಂಖ, ಕೊಬ್ಬರಿ ಮಿಠಾಯಿ. ಹೋಗುವಾಗ ಅದೇ ಟ್ರಂಕಿನಲ್ಲಿ ದೊಡ್ಡಮ್ಮ ಹುರುಳಿಕಾಳು, ಹುಣಸೆಹಣ್ಣು, ಚಟ್ನಿಪುಡಿ ತುಂಬುತ್ತಿದ್ದರು. ಮೀನು ಬಿಟ್ಟರೆ ಬೇರೆ ಗತಿಯಿಲ್ಲದ ಊರಿಗೆ ಹೋಗಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಅನ್ನ ತೆಂಗಿನಕಾಯಿ ಹುರುಳಿಕಟ್ಟಿನಲ್ಲೇ ನೌಕರಿ ಮುಗಿಸಿದ ಮನುಷ್ಯ ಅವರು. ಅಲ್ಲಿನ ಬೆಸ್ತರು ಇವರಿಗೇನೋ ವಾಸಿಯಾಗದ ಹೊಟ್ಟೆನೋವಿರಬೇಕೆಂದು ಬಹಳ ಮರುಗುತ್ತಿದ್ದರಂತೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ದೊಡ್ಡಪ್ಪ ನಿವೃತ್ತರಾಗಿ ಊರಿಗೆ ಬಂದರು. ಅದೇ ಸುಮಾರಿಗೆ ನನಗೆ ಚಂದಕವಾಡಿಯ ಶಾಲೆಯಲ್ಲಿ ಕೆಲಸ ಸಿಕ್ಕಿ, ಹರದನಹಳ್ಳಿಯ ಅವರ ಮನೆಯಲ್ಲೇ ಉಳಿದುಕೊಂಡೆ. ಹಳೆಯ ಗಾಜಿನ ದೀಪ ಕಳಚಿ ಹೊಸದು ಕೂರಿಸುವಾಗ ಒಡೆದುಹೋಗಿದ್ದ ಒಂದು ಚೂರನ್ನು ದೊಡ್ಡಪ್ಪ ಮೇಲಧಿಕಾರಿಗಳನ್ನು ಕೇಳಿ ತಂದಿದ್ದರು. ಅದೇ ಈ ಗಾಜು. ಹಗಲೆಲ್ಲ ಅದರ ಮೇಲೆ ಬಟ್ಟೆ. ಪಕ್ಕದ ಮನೆಯ ಸಿದ್ದಮ್ಮನವರು ಒಂದು ಸೋಮವಾರ ಬಂದು ಬಟ್ಟೆಯೊಳಗಿನ ಉಬ್ಬನ್ನು ನೋಡಿ, ಕಡಲಿನಿಂದ ಬಂದ ಯಾವುದೋ ಲಿಂಗವೆಂದು ವಿಭೂತಿ ಹಚ್ಚಿ, ಕಣಗಿಲೆ ಹೂ ಇಟ್ಟು ಹೋದರು. ದೊಡ್ಡಪ್ಪ ಹೂವನ್ನು ತೆಗೆಯಲಿಲ್ಲ. "ಇರ್ಲಿ ಬುಡು, ಅಲ್ಲೂ ಬೆಸ್ತರು ದ್ವಾಣಿ ಇಳ್ಸೋ ಮುಂಚೆ ಗೋಪುರದ ಕಡೀಕೆ ತಿರುಗಿ ಅಣೆ ಮುಟ್ಕೋತಿದ್ರು," ಎಂದರು.

ಸಂಜೆ ಜಗಲಿಯ ಮೇಲೆ ಕೂತರೆ ಲೈಟ್‌ಹೌಸಿನ ಪುರಾಣ ಶುರುವಾಗುತ್ತಿತ್ತು. ನಾನು ಮೊದಲ ದಿನ ಕೇಳಿದ್ದು ದೀಪ ಎಷ್ಟು ದೊಡ್ಡದು ಎಂದು.

"ನಮ್ಮ ಪೆಟ್ರೋಮ್ಯಾಕ್ಸ್ ಇಲ್ವಾ, ಎಚ್ಚೂಕಮ್ಮಿ ಅಷ್ಟೇ ಕಣಮ್ಮಿ."

"ಅಷ್ಟೇನಾ?"

"ಬೆಂಕಿ ಅಷ್ಟೇಯ. ಸುತ್ತ ಗಾಜು ಅದಲ್ಲ, ಅದು ನಮ್ಮ ನಡುಮನೆಯಷ್ಟು ಅದೆ. ನಾನು ಒಳೀಕೆ ಓಗಿ ನಿಂತ್ಕಂಡು ಗಾಜು ವರ್ಸ್‌ತಿದ್ದೆ. ಅಷ್ಟು ಭಾರದ್ದು ಪಾದರಸದ ಮ್ಯಾಲೆ ತೇಲ್ತಿತ್ತು, ಒಂದು ಬೆಳ್ಳಲ್ಲಿ ತಳ್ಳುದ್ರೆ ತಿರುಗ್ತಿತ್ತು."

ಅಂಗೈಯಲ್ಲಿ ಮರೆಮಾಡಬಹುದಾದಷ್ಟು ಬೆಂಕಿಯನ್ನು ಗಾಜು ಹಿಡಿದು, ಕೂಡಿಸಿ, ಹರದನಹಳ್ಳಿಯಿಂದ ಗೋಪಾಲಸ್ವಾಮಿ ಬೆಟ್ಟದವರೆಗೆ ಕಾಣುವಷ್ಟು ದೂರ ಎಸೆಯುತ್ತಿತ್ತಂತೆ. ದೀಪ ದೊಡ್ಡದಿದ್ದುದರಿಂದ ಬೆಳಕು ದೊಡ್ಡದು ಎಂದು ಅಲ್ಲಿಯವರೆಗೆ ತಿಳಿದಿದ್ದೆ.

ಶಾಂತಿಯ ಕಾಲದಲ್ಲಿ ಆ ಗೋಪುರದಲ್ಲಿ ನಡೆದದ್ದೆಲ್ಲ ಒಂದೇ ಬಗೆ. ಮಳೆಗಾಲಕ್ಕೆ ರೇಷನ್ ಹಡಗು ತಪ್ಪುವುದು, ಬಿರುಗಾಳಿಗೆ ದಿಕ್ಕು ತಪ್ಪಿದ ಹಕ್ಕಿಗಳು ಗಾಜಿಗೆ ಬಡಿದು ಬೀಳುವುದು, ಬೆಳಗ್ಗೆ ಪರದೆ ಎಳೆಯದಿದ್ದರೆ ಸೂರ್ಯನೇ ಗಾಜಿನೊಳಗೆ ನುಗ್ಗಿ ದೀಪದ ಕೋಣೆಗೆ ಬೆಂಕಿ ಇಡುವುದು. ಯುದ್ಧದ ಕಾಲದ ಕಥೆಯೇ ಬೇರೆ. ಬ್ರಿಟಿಷರ ಕಾಲದ ಮಹಾಯುದ್ಧದಲ್ಲಿ ಬಿಳಿಯ ಗೋಪುರ ಶತ್ರುಗಳಿಗೆ ಕಾಣದಂತೆ ಬುಡದಿಂದ ತುದಿಯವರೆಗೆ ತೆಂಗಿನ ಸೋಗೆ ಕಟ್ಟಿದ್ದರಂತೆ. ಯುದ್ಧ ಮುಗಿಯುವ ಹೊತ್ತಿಗೆ ಸೋಗೆಯೊಳಗೆ ಹಕ್ಕಿಗಳು ಸಂಸಾರ ಹೂಡಿದ್ದವು, ಬಿಚ್ಚಲು ಮನಸ್ಸೇ ಬರಲಿಲ್ಲ ಎಂದು ದೊಡ್ಡಪ್ಪನಿಗೆ ಕೆಲಸ ಕಲಿಸಿದ ಮುದುಕ ಹೇಳಿದ್ದನಂತೆ.

ದೊಡ್ಡಪ್ಪನ ಪಾಲಿಗೆ ಬಂದದ್ದು ಬಾಂಗ್ಲಾ ಯುದ್ಧ. ಆಗಿನ್ನೂ ಮದುವೆಯಾದ ಹೊಸತು. ನಮ್ಮ ದೊಡ್ಡಮ್ಮ ಗೌರಮ್ಮನವರನ್ನು ಊರಲ್ಲಿ ಬಿಟ್ಟು ಹೊರಡುವಾಗ ದೊಡ್ಡಪ್ಪ ತಲೆಬಾಗಿಲ ಪಕ್ಕದ ಗೋಡೆಯ ಗೂಡನ್ನು ತೋರಿಸಿ, "ನಾನು ಅಲ್ಲಿ ದೀಪ ಅಚ್ಚೋ ಒತ್ಗೆ ನೀನು ಇಲ್ಲಿ ಅಚ್ಚು. ಇಬ್ರುದೂ ಒಂದೇ ಡ್ಯೂಟಿ," ಎಂದಿದ್ದರು. ಅಂದಿನಿಂದ ಗೂಡಿನ ದೀಪ ದೊಡ್ಡಮ್ಮನದು, ಬೇರೆ ಯಾರೂ ಮುಟ್ಟುವಂತಿಲ್ಲ. ಅತ್ತ ನಡುಗಡ್ಡೆಯಲ್ಲಿ ದೀಪ ಹಚ್ಚಿದೊಡನೆ ವೈರ್‌ಲೆಸ್ಸಿನಲ್ಲಿ "ಲೈಟ್ ಆನ್, ಆಲ್ ಓಕೆ" ಎಂದು ವರದಿ ಒಪ್ಪಿಸಬೇಕಿತ್ತು. ನಿವೃತ್ತರಾದ ಮೇಲೂ ಆ ಚಾಳಿ ಬಿಡಲಿಲ್ಲ. ದೊಡ್ಡಮ್ಮ ಗೂಡಿಗೆ ದೀಪ ಇಟ್ಟೊಡನೆ ದೊಡ್ಡಪ್ಪ ಜಗಲಿಯಿಂದಲೇ ಗಂಟಲು ಸರಿಮಾಡಿಕೊಂಡು ಬೀದಿಗೆ ಕೇಳುವಂತೆ "ಲೈಟ್ ಆನ್, ಆಲ್ ಓಕೆ" ಎನ್ನುತ್ತಿದ್ದರು. ದನ ಹೊಡೆದುಕೊಂಡು ಬರುವವರು ಅದನ್ನು ಕೇಳಿ ಇನ್ನು ಹೊತ್ತಾಯಿತೆಂದು ಹೆಜ್ಜೆ ಚುರುಕು ಮಾಡುತ್ತಿದ್ದರು.

ಯುದ್ಧದ ಕಥೆಯನ್ನು ದೊಡ್ಡಪ್ಪ ಎಷ್ಟು ಸಲ ಹೇಳಿದ್ದರೋ, ಒಂದು ಮಾತೂ ಆಚೀಚೆ ಆಗುತ್ತಿರಲಿಲ್ಲ. ಅದಕ್ಕೇ ನನಗೊಂದು ಯೋಚನೆ ಹೊಳೆಯಿತು, ಅವರನ್ನು ಚಂದಕವಾಡಿಯ ನಮ್ಮ ಶಾಲೆಗೆ ಕರೆಸಿ ಮಕ್ಕಳಿಗೆ ಹೇಳಿಸಿದರೆ ಹೇಗೆ ಎಂದು. ದೊಡ್ಡಮ್ಮನನ್ನೂ ಬಲವಂತ ಮಾಡಿ ಕರೆದುಕೊಂಡು ಹೋದೆ. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ, ಕೈಯಲ್ಲಿ ಬಟ್ಟೆ ಸುತ್ತಿದ ಗಾಜಿನೊಡನೆ ಬಂದು ನಿಂತರು. ಸಮುದ್ರ ನೋಡಿಲ್ಲದ ಮಕ್ಕಳು, ಸಮುದ್ರ ನೋಡಿಲ್ಲದ ಮೇಷ್ಟರು, ಸಮುದ್ರ ನೋಡಿಲ್ಲದ ನಾನು.

"ಮಕ್ಳಾ, ಕಡಲಲ್ಲಿ ಬರೋನು ನಮ್ಮ ದೀಪಾನ ನಂಬ್ಕಂಡು ಬತ್ತನೆ," ಎಂದು ಶುರು ಮಾಡಿದರು. "ಅದ್ಕೇ ನಮ್ಮ ಕೆಲ್ಸದಲ್ಲಿ ಒಂದು ಮಾತದೆ. ದೀಪ ಇಲ್ದಿದ್ರೂ ಚಿಂತಿಲ್ಲ, ತಪ್ಪು ದೀಪ ತೋರುಸ್ಬಾರ್ದು. ಕತ್ಲಿದ್ರೆ ಅವ್ನು ಉಸಾರಾಗಿರ್ತನೆ. ತಪ್ಪು ದೀಪ ನಂಬುದ್ರೆ ಬಂಡೆಗೆ ಬಂದು ವಡೀತನೆ."

ಆಮೇಲೆ ಯುದ್ಧ. ದೀಪ ಆರಿಸಬೇಕೆಂದು ವೈರ್‌ಲೆಸ್ಸಿನಲ್ಲಿ ಆರ್ಡರ್ ಬಂತು. ನಮ್ಮ ಹಡಗಿಗೆ ಬೇಕಾದರೆ ಹೇಳುತ್ತೇವೆ, ಆಗ ಮಾತ್ರ ಹಚ್ಚಿ, ಅಲ್ಲಿಯವರೆಗೆ ತಯಾರಾಗಿರಿ ಎಂದರು. ಹಾಗಾಗಿ ದೊಡ್ಡಪ್ಪ ದಿನವೂ ಸಂಜೆ ಮೇಲೆ ಹತ್ತಿ, ಗಾಜು ಒರೆಸಿ, ಎಣ್ಣೆ ತುಂಬಿ, ಗಾಜು ತಿರುಗಿಸುವ ಯಂತ್ರಕ್ಕೆ ಕೀಲಿ ಕೊಟ್ಟು, ಹಚ್ಚದ ದೀಪದ ಪಕ್ಕ ಬೆಳಗಾಗುವವರೆಗೆ ಕೂರುತ್ತಿದ್ದರು.

"ಆರ್ಸುದ್ ಮ್ಯಾಲೇ ನಂಗೆ ಕಡಲು ಎಷ್ಟು ದೊಡ್ಡದು ಅಂತ ಗೊತ್ತಾದ್ದು. ಅಲ್ಲೀಗಂಟ ನನ್ನ ಬೆಳಕು ಓಗೋವಷ್ಟೇ ಕಡಲು ಅನ್ಕಂಡಿದ್ದೆ."

ಮಕ್ಕಳು ಬೆಂಚಿನಿಂದ ಮುಂದಕ್ಕೆ ಬಾಗಿದರು.

"ಎದ್ರಿಕೆ ಆಯ್ತಾ ತಾತ?" ಎಂದ ಒಬ್ಬ.

"ಆಗದೆ ಏನಪ್ಪ. ಒಂದೊಂದು ರಾತ್ರಿ ಕೆಳೀಕೆ ಧುಮುಕ್ಬುಡನ ಅನ್ಸ್ತಿತ್ತು. ಆಗ ಅನ್ಕಂಡೆ, ಇಲ್ಲಿ ಕತ್ಲಾದ್ರೆ ಏನಾಯ್ತು, ಅಲ್ಲಿ ನಮ್ಮನೆ ಗೂಡಲ್ಲಿ ಒಂದು ಉರೀತಾ ಅದೆ. ಅದು ಆರಿಲ್ಲ. ಅದೊಂದು ಇತ್ತು ನೋಡಿ, ನಾನು ಉಳ್ಕಂಡೆ." ಹಾಗೆಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ದೊಡ್ಡಮ್ಮನ ಕಡೆ ಕೈ ತೋರಿದರು.

ಮಕ್ಕಳೆಲ್ಲ ತಿರುಗಿ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಅಜ್ಜಿ, ನೀವು ಒಂದಿನಾನೂ ಮರೀನೇ ಇಲ್ವಾ?" ಎಂದಳು. ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದರು. ನಾಚಿಕೆ ಎಂದುಕೊಂಡೆ. ಶಾಲೆಯಲ್ಲಿ ಪಾಠ ಹೇಳುವವಳಾದರೂ ನನಗೆ ಮುಖ ಓದಲು ಬರುವುದು ಅಷ್ಟಕ್ಕಷ್ಟೇ.

ಅಂದಿನಿಂದ ದೊಡ್ಡಮ್ಮ ಮಂಕಾದರು. ಸಾರಿಗೆ ಉಪ್ಪು ಹಾಕುವುದನ್ನು ಮರೆತರು, ಇಲ್ಲವೇ ಎರಡು ಸಲ ಹಾಕಿದರು. ಜಾಗ ಬದಲಾದರೆ ಸರಿಹೋಗಬಹುದೆಂದು ಭಾನುವಾರ ಒಂದು ಜೀಪು ಗೊತ್ತುಮಾಡಿ ಇಬ್ಬರನ್ನೂ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಮೇಲೆ ಮಂಜು ಎಂದರೆ ಮಂಜು. ದೊಡ್ಡಪ್ಪ ಗುಡಿಯೊಳಗೆ ಹೋದರು. ನಾವಿಬ್ಬರೂ ಹೊರಗೆ ಗೋಡೆಯ ಪಕ್ಕ ನಿಂತೆವು. ಕೆಳಗೆ ಕಾಡು, ಕಣಿವೆ ಯಾವುದೂ ಇರಲಿಲ್ಲ. ಕಣ್ಣು ಹಾಯುವವರೆಗೆ ಬೆಳ್ಳಗಿನ ಮಂಜು ಸದ್ದಿಲ್ಲದೆ ಅಲುಗಾಡುತ್ತಿತ್ತು.

"ಅಮ್ಮಿ, ಸಮುದ್ರ ಇಂಗೇನಾ ಇರೋದು?" ಎಂದರು ದೊಡ್ಡಮ್ಮ.

ನಾನೂ ನೋಡಿಲ್ಲ ದೊಡ್ಡಮ್ಮ, ಇರಬಹುದು ಎಂದೆ. ಅವರು ಬಹಳ ಹೊತ್ತು ನೋಡಿದರು.

"ಇಂತಾದ್ರ ಮಧ್ಯ ಒಬ್ರೇ ಕೂತಿದ್ರಲ್ಲ," ಎಂದವರು ಅಳಲು ಶುರು ಮಾಡಿದರು. "ಅವತ್ತು ಗೂಡಲ್ಲಿ ದೀಪ ಇರ್ನಿಲ್ಲ ಕಣಮ್ಮಿ. ನಾನು ಆರುಸ್ಬುಟ್ಟಿದ್ದೆ."

ತುಣುಕು ತುಣುಕಾಗಿ ಹೇಳಿದರು. ಊರ ಯಜಮಾನರ ಮನೆಯ ರೇಡಿಯೋದಲ್ಲಿ ಯುದ್ಧದ ಸುದ್ದಿ ಬಂತು. ಕಡಲ ದಂಡೆಯಲ್ಲಿ ದೀಪ ಆರಿಸಬೇಕಂತೆ ಎಂದು ಜನ ಮಾತಾಡಿಕೊಂಡರು. ಹೊಸ ಸೊಸೆ ಗೌರಮ್ಮ ಅದನ್ನು ಕೇಳಿಸಿಕೊಂಡು ಮನೆಗೆ ಬಂದು ಗೂಡಿನ ದೀಪ ಆರಿಸಿದಳು. ಇಬ್ಬರದೂ ಒಂದೇ ಡ್ಯೂಟಿ ಎಂದ ಮೇಲೆ ಅಲ್ಲಿಗೆ ಬಂದ ಆರ್ಡರು ಇಲ್ಲಿಗೂ ಬಂದಂತೆಯೇ. ಸಮುದ್ರದಿಂದ ಇಷ್ಟು ದೂರದಲ್ಲಿ, ಕಾಡು ಬೆಟ್ಟ ದಾಟಿ, ಹರದನಹಳ್ಳಿಯ ಒಂದು ಹರಳೆಣ್ಣೆ ದೀಪವನ್ನು ಶತ್ರು ನೋಡಿಯಾನೇ ಎಂದು ಅವಳಿಗೆ ಅನ್ನಿಸಲಿಲ್ಲ. ನಗು ಬರಬೇಕಾದ ಮಾತು. ಆ ಮಂಜಿನಲ್ಲಿ ನಿಂತ ನನಗೆ ನಗು ಬರಲಿಲ್ಲ.

ಆರಿದ ಗೂಡನ್ನು ಕಂಡ ಊರು ಬೇರೆಯೇ ಅರ್ಥ ಮಾಡಿಕೊಂಡಿತು. ಗುರುಮಲ್ಲಪ್ಪ ಯುದ್ಧದಲ್ಲಿ ಹೋದ, ಹೆಂಡತಿ ಬಾಯಿ ಬಿಡುತ್ತಿಲ್ಲ ಎಂದು ಹೆಂಗಸರು ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡರು. ನಮ್ಮಜ್ಜಿ, ಅಂದರೆ ಅವಳ ಅತ್ತೆ, ದೀಪ ಹಚ್ಚೆಂದು ಬೈದಳು, ಬೇಡಿದಳು. ಗೌರಮ್ಮ ಹಚ್ಚಲಿಲ್ಲ, ಕಾರಣವನ್ನೂ ಹೇಳಲಿಲ್ಲ.

"ಯಾಕೆ ಹೇಳಲಿಲ್ಲ ದೊಡ್ಡಮ್ಮ?"

"ಯುದ್ಧದ್ ಇಸ್ಯ ಯಾರ್ಗೂ ಯೋಳ್ಬಾರ್ದು ಅಂತಿದ್ರು ಕಣಮ್ಮಿ. ಸರ್ಕಾರದ್ ಗುಟ್ಟು ಅಲ್ವಾ."

ಬದುಕಿರುವ ಗಂಡನಿಗಾಗಿ ಊರೆಲ್ಲ ಅಳುತ್ತಿದ್ದರೂ ಸರ್ಕಾರದ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದ ಹುಡುಗಿಯನ್ನು ನೆನೆದು ನಾನು ದೊಡ್ಡಮ್ಮನ ಕೈ ಹಿಡಿದುಕೊಂಡೆ. ಹೋದವನು ಜೀವಂತ ಬಂದ ಮೇಲೆ, ನೀನು ಸತ್ತೆಯೆಂದುಕೊಂಡಿದ್ದೆವು ಎಂದು ಹೇಳುವುದು ಅಪಶಕುನವೆಂದು ಅಜ್ಜಿ ಊರಿನ ಬಾಯಿ ಕಟ್ಟಿದ್ದಳು. ಹಾಗಾಗಿ ದೊಡ್ಡಪ್ಪನಿಗೆ ಯಾರೂ ಹೇಳಲಿಲ್ಲ. ದೊಡ್ಡಮ್ಮ ಹೇಳಬೇಕೆನ್ನುವಷ್ಟರಲ್ಲಿ ಅವರು ಎಲ್ಲರೆದುರು ಆ ದೀಪದ ಕಥೆ ಹೇಳಲು ಶುರು ಮಾಡಿಯಾಗಿತ್ತು.

"ಈಗಲೂ ಹೇಳಬೇಡಿ," ಎಂದೆ ನಾನು. "ಅದನ್ನೇ ನಂಬಿಕೊಂಡು ಇಷ್ಟು ವರ್ಷ ಬದುಕಿದ್ದಾರೆ. ಕೇಳಿದರೆ ತಡೆದುಕೊಳ್ಳುತ್ತಾರಾ?"

"ಇಸ್ಕೂಲಲ್ಲಿ ಏನಂದ್ರು ಕೇಳುಸ್ಕೊಂಡ್ಯಾ? ತಪ್ಪು ದೀಪ ತೋರುಸ್ಬಾರ್ದು ಅಂದ್ರು. ಇಷ್ಟ್ ವರ್ಸದಿಂದ ನಾನು ಅದ್ನೇ ತೋರುಸ್ತಾ ಇವ್ನಿ."

ಅಷ್ಟರಲ್ಲಿ ದೊಡ್ಡಪ್ಪ ಗುಡಿಯಿಂದ ಬಂದು, ಇಂಥ ಮಂಜಿನಲ್ಲಿ ದೀಪದಿಂದ ಪ್ರಯೋಜನವಿಲ್ಲ, ಗಂಟೆ ಬಾರಿಸಬೇಕು ಎಂದು ನಮಗೆ ವಿವರಿಸಿದರು. ದಾರಿಯುದ್ದಕ್ಕೂ ಅವರೊಬ್ಬರೇ ಮಾತಾಡಿದರು.

ಊರು ಸೇರುವಾಗ ಹೊತ್ತು ಇಳಿದಿತ್ತು. ಆ ವರ್ಷಗಳಲ್ಲಿ ಕರೆಂಟು ಹೋಗದ ಸಂಜೆಯೇ ಇರಲಿಲ್ಲ, ಅಂದೂ ಹೋಗಿತ್ತು. ದೊಡ್ಡಪ್ಪ ಜಗಲಿಯಲ್ಲಿ ಕೂತು ವರದಿ ಒಪ್ಪಿಸಲು ಗಂಟಲು ಸರಿಮಾಡಿಕೊಂಡರು. ದೊಡ್ಡಮ್ಮ ಗೂಡಿನ ಮುಂದೆ ಬೆಂಕಿಪೊಟ್ಟಣ ಹಿಡಿದು ನಿಂತರು, ಕಡ್ಡಿ ಗೀರಲಿಲ್ಲ. ಗೋಡೆಗೆ ಮುಖ ಮಾಡಿಕೊಂಡೇ ಎಲ್ಲವನ್ನೂ ಹೇಳಿದರು. ನನಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ ಹೇಳಿದರು. ನಾನು ಬಾಗಿಲಲ್ಲಿ ನಿಂತು ದೊಡ್ಡಪ್ಪನ ಮುಖ ನೋಡುತ್ತಿದ್ದೆ. ಕತ್ತಲಲ್ಲಿ ಏನೂ ಕಾಣಲಿಲ್ಲ.

ದೊಡ್ಡಪ್ಪ ಕೇಳಿದರು.

"ಬತ್ತಿ?"

"ದಿನಾ ಒಸೀತಿದ್ದೆ. ಅಳೇದು ತಗ್ದು ವಸ ಬತ್ತಿ ಆಕ್ತಿದ್ದೆ."

"ಎಣ್ಣೆ?"

"ತುಂಬುಸ್ತಿದ್ದೆ. ಕಡ್ಡಿಪೆಟ್ಗೆ ಪಕ್ಕದಲ್ಲೇ ಮಡಗ್ತಿದ್ದೆ. ಯಾವಾಗ ಅಚ್ಚು ಅಂತರೋ ಅಂತ ಮುಂದೇನೇ ಕೂತಿರ್ತಿದ್ದೆ."

ಅಲ್ಲಿ ಕಡಲ ನಡುವೆ ದೊಡ್ಡಪ್ಪ ಹಚ್ಚದ ದೀಪದ ಮುಂದೆ ಕೂತಿದ್ದ ಹೊತ್ತಿಗೇ ಇಲ್ಲಿ ಈಕೆ ಹಚ್ಚದ ದೀಪದ ಮುಂದೆ ಕೂತಿದ್ದರು. ಇಬ್ಬರಿಗೂ ಅದು ಗೊತ್ತಿರಲಿಲ್ಲ. ಅದನ್ನು ದೊಡ್ಡಪ್ಪ ಆ ಕತ್ತಲಲ್ಲಿ ಲೆಕ್ಕ ಹಾಕುತ್ತಿದ್ದರೆಂದು ನನಗೆ ಅನ್ನಿಸಿತು.

"ರೇಡಿಯೋದಲ್ಲಿ ಯುದ್ಧ ಮುಗೀತು ಅಂದಾಗ ಅಚ್ಚುದ್ಯಾ?" ಎಂದರು.

"ಇಲ್ಲ. ರೇಡಿಯೋ ಯೋಳುದ್ರೆ ಎಂಗೆ? ನಿಮ್ ಕಾಗ್ದ ಬರೋಗಂಟ ಅಚ್ನಿಲ್ಲ."

"ನನ್ನ ಕಾಗ್ದ ಬಂದಾಗ ಯುದ್ಧ ಮುಗ್ದು ತಿಂಗ್ಳ ಮ್ಯಾಲಾಗಿತ್ತಲ್ಲೇ. ಹಡಗೇ ಇರ್ನಿಲ್ಲ ಆಗ."

"ಊಂ," ಎಂದರು ದೊಡ್ಡಮ್ಮ. "ನಂಗೆ ಅವತ್ತು ಮುಗೀತು."

ದೊಡ್ಡಪ್ಪ ಎದ್ದರು. ಒಳಗೆ ಹೋಗಿ, ತಡಕಾಡಿ, ಬಟ್ಟೆ ಬಿಚ್ಚಿ ಈ ಗಾಜನ್ನು ತಂದರು. ಯಾರ ಕೈಗೂ ಕೊಡದಿದ್ದ ಗಾಜನ್ನು ಗೂಡಿನ ಅಂಚಿನಲ್ಲಿ ನಿಲ್ಲಿಸಿ, "ಅಚ್ಚು," ಎಂದರು. ದೊಡ್ಡಮ್ಮ ಕಡ್ಡಿ ಗೀರಿದರು. ಬೆರಳ ತುದಿಯಷ್ಟು ಬೆಂಕಿ ಗಾಜಿನೊಳಗೆ ಹೋಗಿ, ಬೀದಿ ದಾಟಿ, ಎದುರಿನ ಸಿದ್ದಪ್ಪನವರ ಹುಲ್ಲಿನ ಮೆದೆಯ ಮೇಲೆ ಮೊರದಗಲ ಬಿದ್ದು ಅಲುಗಾಡಿತು. ಕರೆಂಟಿಲ್ಲದ ಆ ಬೀದಿಯಲ್ಲಿ ಅದೊಂದೇ ಬೆಳಕು. ನಾನು ಮೆದೆಯವರೆಗೆ ನಡೆದು ಹೋಗಿ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದೆ.

ಎಂದಿನ ಮಾತಿಗೆ ಕಾದೆವು. ದೊಡ್ಡಪ್ಪ ಮೇಲಧಿಕಾರಿಗಳು ಬಂದಾಗ ನಿಲ್ಲುವಂತೆ ಕೈಗಳನ್ನು ಪಕ್ಕಕ್ಕೆ ಇಳಿಸಿ ನೆಟ್ಟಗೆ ನಿಂತು, "ಇವತ್ತು ರಿಪೋರ್ಟು ನೀನು ಕೊಡು," ಎಂದರು.

ದೊಡ್ಡಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡರು. ನನ್ನನ್ನು ನೋಡಿದರು, ಬೀದಿಯನ್ನು ನೋಡಿದರು. ಆಮೇಲೆ ಬೀದಿಗೆ ಕೇಳದಷ್ಟು ಸಣ್ಣ ದನಿಯಲ್ಲಿ, ಜೀವಮಾನದಲ್ಲಿ ಮೊದಲ ಸಲ ಹೇಳಿದರು.

"ಲೈಟ್ ಆನ್. ಆಲ್ ಓಕೆ."